ಬಡಿಸೋಕೆ ಬಂದವರು ಪಂಕ್ತಿಗೆ ಕೂರಬಾರದು: ಬಾಂಗ್ಲಾ ಉಸ್ತುವಾರಿ ಸಂಪುಟದ ರಿವ್ಯೂ

ಮಿಕ್ಸಿಗೆ, ಮಸಾಲೆ ದೋಸೆಗೆ ರಿವ್ಯೂ ಬರೆಯುತ್ತೇವೆ. ಸರ್ಕಾರವೂ ಒಂದು ಸೇವೆ ತಾನೇ? ಅದೂ 90 ದಿನದಲ್ಲಿ ಚುನಾವಣೆ ನಡೆಸಿಕೊಟ್ಟು ಹೋಗಲಿ ಅಂತಲೇ ಕರೆಸಿದ ಸರ್ಕಾರ. ಬಾಂಗ್ಲಾದೇಶದ ಪಕ್ಷರಹಿತ ಉಸ್ತುವಾರಿ ಸರ್ಕಾರದ ಬಗ್ಗೆ ಸುಮಾರು ದಿನದಿಂದ ಓದುತ್ತಿದ್ದೇನೆ, ಅದರ ಸಂಪುಟಕ್ಕೆ ಸ್ಟಾರ್ ಕೊಡೋಣ ಅನ್ನಿಸಿತು.

ನಮ್ಮಲ್ಲಿ ಚುನಾವಣೆ ಬಂದರೆ ಇದ್ದ ಸರ್ಕಾರವೇ ಹಂಗಾಮಿಯಾಗಿ ಮುಂದುವರಿಯುತ್ತದೆ. ಅಲ್ಲಿ ಅದನ್ನು ಯಾರೂ ನಂಬಲಿಲ್ಲ. 1996ರ ಫೆಬ್ರವರಿಯಲ್ಲಿ ವಿರೋಧ ಪಕ್ಷಗಳು ಬಹಿಷ್ಕರಿಸಿದ ಚುನಾವಣೆಯಿಂದ ಒಂದು ಸಂಸತ್ತು ಬಂತು, ಅದು ಮಾಡಿದ ದೊಡ್ಡ ಕೆಲಸ ಅಂದರೆ 13ನೇ ತಿದ್ದುಪಡಿ ಪಾಸು ಮಾಡಿ ಮನೆಗೆ ಹೋಗಿದ್ದು. ಆ ತಿದ್ದುಪಡಿಯ ಪ್ರಕಾರ ಒಬ್ಬ ಮುಖ್ಯ ಸಲಹೆಗಾರ, ಅವರ ಜೊತೆ ಹೆಚ್ಚೆಂದರೆ 10 ಸಲಹೆಗಾರರು. ಮುಖ್ಯಸ್ಥರಿಗೆ ಪ್ರಧಾನಿಯ ದರ್ಜೆ, ಉಳಿದವರಿಗೆ ಮಂತ್ರಿ ದರ್ಜೆ. ಯಾವ ಪಕ್ಷದ ಸದಸ್ಯರೂ ಆಗಿರಬಾರದು, ವಯಸ್ಸು 72 ದಾಟಿರಬಾರದು. ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲ ಅಂತ ಬರೆದುಕೊಡಬೇಕು.

ನನಗೆ ಬಹಳ ಹಿಡಿಸಿದ್ದು ಈ ಕೊನೆಯದು. ಮದುವೆ ಮನೆಯ ಅಡುಗೆಯವರ ಲೆಕ್ಕ ಇದು. ಬೇಯಿಸಿ, ಬಡಿಸಿ, ಪಾತ್ರೆ ತೊಳೆದಿಟ್ಟು ಹೊರಡಿ, ಬೀಗರ ಸಾಲಿನಲ್ಲಿ ಕೂರೋದು ಬೇಡ.

ಮೊದಲ ಸಂಪುಟವೇ ರುಚಿ ಹಚ್ಚಿಸಿತು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಹಬೀಬುರ್ ರಹಮಾನ್ ಮುಖ್ಯಸ್ಥರು. ಒಳಗೆ ಅರ್ಥಶಾಸ್ತ್ರಜ್ಞ ವಹೀದುದ್ದೀನ್ ಮಹಮೂದ್, ಎಂಜಿನಿಯರ್ ಜಮಿಲುರ್ ರೆಜಾ ಚೌಧರಿ, ರಾಜ್ಯಶಾಸ್ತ್ರದ ಪ್ರೊಫೆಸರ್ ನಜ್ಮಾ ಚೌಧರಿ, ಗ್ರಾಮೀಣ ಬ್ಯಾಂಕಿನ ಮುಹಮ್ಮದ್ ಯೂನುಸ್. ಯಾವ ಜಿಲ್ಲೆಗೆ ಎಷ್ಟು, ಯಾವ ಬಣಕ್ಕೆ ಎಷ್ಟು ಅನ್ನುವ ಹಂಚಾಟವೇ ಇಲ್ಲದ ಪಟ್ಟಿ! ಮಂತ್ರಿಮಂಡಲ ವಿಸ್ತರಣೆ ಅಂದಾಗಲೆಲ್ಲ ನಾವು ನೋಡುವ ತಮಾಷೆ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಆದರೆ ಒಂದು ಕೊರತೆ ಇತ್ತು. ರಕ್ಷಣಾ ಖಾತೆ ಇವರ ಕೈಯಲ್ಲಿ ಇರಲಿಲ್ಲ, ರಾಷ್ಟ್ರಪತಿಯ ಕೈಯಲ್ಲಿತ್ತು. ಆ ಮೇ ತಿಂಗಳಲ್ಲಿ ರಾಷ್ಟ್ರಪತಿ ಸೇನಾ ಮುಖ್ಯಸ್ಥರನ್ನೇ ಕಿತ್ತುಹಾಕಿ ದೇಶ ದಂಗೆಯ ಅಂಚಿಗೆ ಹೋಗಿ ಬಂತು. ಆದರೂ ಜೂನ್ 12ಕ್ಕೆ ಚುನಾವಣೆ ಮುಗಿಸಿದರು. ನಾಲ್ಕೂವರೆ ಸ್ಟಾರ್.

2001ರಲ್ಲಿ ಇನ್ನೊಬ್ಬ ನಿವೃತ್ತ ಮುಖ್ಯ ನ್ಯಾಯಮೂರ್ತಿ ಲತೀಫುರ್ ರಹಮಾನ್ ಮುಖ್ಯಸ್ಥರಾಗಿ ಬಂದರು. ಪ್ರಮಾಣ ತೆಗೆದುಕೊಂಡ ದಿನವೇ 13 ಕಾರ್ಯದರ್ಶಿಗಳ ವರ್ಗಾವಣೆ. ಸಲಹೆಗಾರರಿಗೆ ಖಾತೆ ಹಂಚಿಕೆಯೂ ಆಗಿರಲಿಲ್ಲ! ಚುನಾವಣೆ ನಡೆಯಿತು, ಸೋತವರ ಸಿಟ್ಟು ಮಾತ್ರ ಇಳಿಯಲಿಲ್ಲ. ಮೂರು ಸ್ಟಾರ್.

ಸೋರಿಕೆ ಶುರುವಾಗಿದ್ದು ಸಲಹೆಗಾರರ ಕಡೆಯಿಂದಲ್ಲ, ಮುಖ್ಯಸ್ಥರ ಕುರ್ಚಿಯಿಂದ. ಎಲ್ಲರಿಗಿಂತ ಇತ್ತೀಚೆಗೆ ನಿವೃತ್ತರಾದ ಮುಖ್ಯ ನ್ಯಾಯಮೂರ್ತಿಯೇ ಮುಖ್ಯಸ್ಥರು ಅಂತ ನಿಯಮ ಬರೆದುಬಿಟ್ಟರೆ, ಯಾರು ಯಾವಾಗ ನಿವೃತ್ತರಾಗುತ್ತಾರೆ ಅನ್ನುವುದೇ ರಾಜಕೀಯ ಆಗುತ್ತದೆ ಅಲ್ವಾ? 2004ರಲ್ಲಿ ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸು 65ರಿಂದ 67ಕ್ಕೆ ಏರಿತು. ಲೆಕ್ಕ ಹಾಕಿದರೆ ಮುಂದಿನ ಸರದಿ ಮಾಜಿ ಮುಖ್ಯ ನ್ಯಾಯಮೂರ್ತಿ ಕೆ.ಎಂ. ಹಸನ್ ಅವರಿಗೆ ಬರುತ್ತಿತ್ತು. ಅವರು ಆಗ ಅಧಿಕಾರದಲ್ಲಿದ್ದ ಖಲೀದಾ ಜಿಯಾರ ಬಿಎನ್‌ಪಿ ಪಕ್ಷದ ಕಡೆಯವರು ಅಂತ ಶೇಖ್ ಹಸೀನಾರ ಅವಾಮಿ ಲೀಗ್ ಬೀದಿಗಿಳಿಯಿತು, ಹೆಣಗಳು ಬಿದ್ದವು, ಹಸನ್ ಒಲ್ಲೆ ಅಂದರು. 2006ರ ಅಕ್ಟೋಬರ್ 29ಕ್ಕೆ ರಾಷ್ಟ್ರಪತಿ ಇಯಾಜುದ್ದೀನ್ ಅಹ್ಮದ್ ತಾವೇ ಮುಖ್ಯ ಸಲಹೆಗಾರರಾಗಿ ಕೂತರು. ಅಂದರೆ ಸಂಪುಟ ಯಾರಿಗೆ ಉತ್ತರ ಕೊಡಬೇಕೋ ಅವರೇ ಸಂಪುಟದ ಯಜಮಾನರು. ಡಿಸೆಂಬರ್ 11ಕ್ಕೆ ನಾಲ್ವರು ಸಲಹೆಗಾರರು ರಾಜೀನಾಮೆ ಕೊಟ್ಟು ಎದ್ದರು: ಅಕ್ಬರ್ ಅಲಿ ಖಾನ್, ಹಸನ್ ಮಶೂದ್ ಚೌಧರಿ, ಶಫಿ ಸಾಮಿ, ಸುಲ್ತಾನಾ ಕಮಾಲ್. ಈ ಸಂಪುಟಕ್ಕೆ ಒಂದು ಸ್ಟಾರ್, ಅದೂ ಎದ್ದು ಹೋದ ಆ ನಾಲ್ವರಿಗೆ.

ಆಮೇಲೆ 2007ರ ಜನವರಿ 11ರ ತುರ್ತು ಪರಿಸ್ಥಿತಿ. ಕೇಂದ್ರ ಬ್ಯಾಂಕಿನ ಗವರ್ನರ್ ಆಗಿದ್ದ ಫಖ್ರುದ್ದೀನ್ ಅಹ್ಮದ್ ಮುಖ್ಯಸ್ಥರು, ಬೆನ್ನ ಹಿಂದೆ ಸೇನೆ. 90 ದಿನಕ್ಕೆ ಬಂದವರು ಸುಮಾರು ಎರಡು ವರ್ಷ ಉಳಿದರು. ಹಸೀನಾ, ಖಲೀದಾ ಇಬ್ಬರನ್ನೂ ಜೈಲಿಗೆ ಹಾಕಿದರು. ಇಲ್ಲಿ ಸಂಪುಟದ ಅಳತೆಯೇ ಸಾಕಾಗಲಿಲ್ಲ. ಮೂರು ತಿಂಗಳು ಅಂಗಡಿ ನೋಡಿಕೊಳ್ಳಲು 10 ಜನ ಸಾಕು, ಪೂರ್ತಿ ದೇಶ ನಡೆಸಲು ಒಬ್ಬೊಬ್ಬರ ತಲೆ ಮೇಲೆ ನಾಲ್ಕೈದು ಖಾತೆ ಹೇರಬೇಕು. ಸಂವಿಧಾನದ ಮಿತಿ ದಾಟುವಂತಿಲ್ಲ, ಅದಕ್ಕೆ 2008ರಲ್ಲಿ ‘ವಿಶೇಷ ಸಹಾಯಕರು’ ಅನ್ನುವ ಹೊಸ ಹುದ್ದೆ ಮಾಡಿ ಹಿಂಬಾಗಿಲಿಂದ ಜನ ಸೇರಿಸಿಕೊಂಡರು. ನ್ಯಾಯವಾಗಿ ಹೇಳಬೇಕೆಂದರೆ, ಫೋಟೊ ಇರುವ ಮತದಾರರ ಪಟ್ಟಿ ಇವರ ಕಾಲದ್ದೇ, 8 ಕೋಟಿಗೂ ಜಾಸ್ತಿ ಜನರದ್ದು. ಎರಡೂವರೆ ಸ್ಟಾರ್.

2011ರಲ್ಲಿ ಹಸೀನಾ ಸರ್ಕಾರ ಈ ಸೇವೆಯನ್ನೇ ಮುಚ್ಚಿತು. 2024ರ ಆಗಸ್ಟ್‌ನಲ್ಲಿ ಹಸೀನಾ ದೇಶ ಬಿಟ್ಟ ಮೇಲೆ ಮಧ್ಯಂತರ ಸರ್ಕಾರ ಬಂತು, ಮುಖ್ಯಸ್ಥರು ಅದೇ ಯೂನುಸ್. ವಹೀದುದ್ದೀನ್ ಮಹಮೂದ್ ಕೂಡ ಮತ್ತೆ ಒಳಗೆ. ಹಳೇ ಅಡುಗೆಯವರೇ, ಆದರೆ ಹಳೇ ಕರಾರು ಇರಲಿಲ್ಲ. 10ರ ಮಿತಿ ಇರಲಿಲ್ಲ, 90 ದಿನದ ಗಡುವೂ ಇರಲಿಲ್ಲ. ವಿದ್ಯಾರ್ಥಿ ನಾಯಕ ನಾಹಿದ್ ಇಸ್ಲಾಂ ಸಲಹೆಗಾರರಾಗಿದ್ದು, 2025ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟು, ಅದೇ ವಾರ ಹೊಸ ಪಕ್ಷದ ಮುಖ್ಯಸ್ಥರಾದರು. ಸೌಟು ಕೆಳಗಿಟ್ಟು ನೇರ ಎಲೆ ಮುಂದೆ. ಇನ್ನು ಹಳೆಯ ವಯಸ್ಸಿನ ನಿಯಮ ಇದ್ದಿದ್ದರೆ ಯೂನುಸ್ ಅವರನ್ನೇ ಬಾಗಿಲಲ್ಲಿ ತಡೆಯಬೇಕಿತ್ತು, ಆಗ ಅವರಿಗೆ 84.