ಎರಡನೇ ಸಲ ನೋಡಿದಾಗ ಉಳಿದದ್ದು: ನಾಲ್ಕು ಸಾಕ್ಷ್ಯಚಿತ್ರಗಳ ಹೋಲಿಕೆ

ಕತೆಯ ಸಿನಿಮಾವನ್ನು ಎರಡು ಮೂರು ಸಲ ನೋಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಾಕ್ಷ್ಯಚಿತ್ರವನ್ನು ಇನ್ನೊಮ್ಮೆ ನೋಡುವವರು ಕಡಿಮೆ. ವಿಷಯ ತಿಳಿದಾಯಿತಲ್ಲ, ಇನ್ನೇನಿದೆ ಅನ್ನುವ ಲೆಕ್ಕ. ನನ್ನದೂ ಅದೇ ಲೆಕ್ಕವಾಗಿತ್ತು. ಹೋದ ಮಳೆಗಾಲದಲ್ಲಿ ಸಿರ್ಸಿ ಹತ್ತಿರದ ನಮ್ಮೂರಿನಲ್ಲಿ ಮೂರು ವಾರ ಇರಬೇಕಾಗಿ ಬಂತು. ಮೊದಲೇ ನೋಡಿ ಮೆಚ್ಚಿದ್ದ ನಾಲ್ಕು ಚಿತ್ರಗಳನ್ನು ಮನೆಯವರ ಜೊತೆ ಕೂತು ಮತ್ತೆ ನೋಡಿದೆ. ಮಳೆಗಾಲದ ಕರೆಂಟನ್ನು ನಂಬುವ ಹಾಗಿಲ್ಲ, ಹಾಗಾಗಿ ನಾಲ್ಕನ್ನೂ ಲ್ಯಾಪ್‌ಟಾಪಿನ ಪುಟ್ಟ ಪರದೆಯ ಮೇಲೇ ನೋಡಿದ್ದು. ‘ವೈಲ್ಡ್ ಕರ್ನಾಟಕ’, ‘ದಿ ಎಲಿಫೆಂಟ್ ವಿಸ್ಪರರ್ಸ್’, ‘ಆಲ್ ದಟ್ ಬ್ರೀದ್ಸ್’ ಮತ್ತು ‘ಹನಿಲ್ಯಾಂಡ್’. ಒಂದಲ್ಲ ಒಂದು ಬಗೆಯಲ್ಲಿ ನಾಲ್ಕೂ ಪ್ರಾಣಿ ಪಕ್ಷಿಗಳ ಬಗ್ಗೆಯೇ ಇರುವುದರಿಂದ ಪಕ್ಕಪಕ್ಕ ಇಟ್ಟು ನೋಡುವುದು ಸುಲಭವಾಯಿತು.

‘ವೈಲ್ಡ್ ಕರ್ನಾಟಕ’ವನ್ನು ನಾನು ಮೊದಲು ನೋಡಿದ್ದು 2020ರ ಜನವರಿಯಲ್ಲಿ, ಬೆಂಗಳೂರಿನ ಚಿತ್ರಮಂದಿರದಲ್ಲಿ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶನ, ರಿಕಿ ಕೇಜ್ ಸಂಗೀತ, ಡೇವಿಡ್ ಅಟೆನ್‌ಬರೋ ನಿರೂಪಣೆ. ನಮ್ಮದೇ ಕಾಡು ಅಷ್ಟು ದೊಡ್ಡ ಪರದೆಯ ಮೇಲೆ ಕಂಡಾಗ ಎದೆ ತುಂಬಿ ಬಂದಿತ್ತು, ಈಗಲೂ ಆ ಸಂಜೆ ನೆನಪಿದೆ. 67ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅಟೆನ್‌ಬರೋ ಅವರ ನಿರೂಪಣೆಗೇ ಒಂದು ಪ್ರಶಸ್ತಿ ಬಂತು.

ಲ್ಯಾಪ್‌ಟಾಪಿನಲ್ಲಿ ನೋಡುವಾಗ ಆ ಪರದೆಯ ದೊಡ್ಡಸ್ತಿಕೆ ಇರಲಿಲ್ಲ. ಉಳಿದದ್ದು ದೃಶ್ಯ ಮತ್ತು ಆ ಧ್ವನಿ. ಎಲ್ಲಿ ನೋಡಬೇಕು, ಯಾವಾಗ ಬೆರಗಾಗಬೇಕು ಎನ್ನುವುದನ್ನು ಧ್ವನಿಯೇ ಹೇಳುತ್ತಾ ಹೋಗುತ್ತದೆ. ಹೇಳಿದ್ದು ಮೊದಲ ಸಲವೇ ತಿಳಿದುಹೋಗಿರುವುದರಿಂದ ಎರಡನೇ ಸಲ ಅದು ಅಡ್ಡ ಬರತೊಡಗಿತು. ಆದರೆ ಹಾರುವ ಓತಿ ಬಂದಾಗ ಆಯಿ ಅಡುಗೆಮನೆಯಿಂದ ಎದ್ದು ಬಂದಳು. ಗಂಟಲಿನ ಹಳದಿ ಚೀಲವನ್ನು ಬಿಚ್ಚಿ ಮುಚ್ಚಿ ಮಾಡುವ ಆ ಓತಿ ನಮ್ಮ ತೋಟದ ಅಡಿಕೆ ಮರಗಳಲ್ಲಿ ಎಷ್ಟೋ ಇವೆ. ಕೊನೆ ಕೊಯ್ಯುವವರು ಮರದಿಂದ ಮರಕ್ಕೆ ದಾಟುವಾಗ ಅದೂ ಪಕ್ಕದಲ್ಲೇ ತೇಲಿ ಹೋಗುತ್ತದೆ. ಅರವತ್ತು ವರ್ಷ ಕಂಡದ್ದನ್ನೇ ಆಯಿ ಅವತ್ತು ಹೊಸದಾಗಿ ನೋಡಿದಳು. ಆ ಒಂದು ಕೆಲಸಕ್ಕಾದರೂ ಈ ಚಿತ್ರ ನನಗೆ ದೊಡ್ಡದು. ಆದರೂ ನಾಲ್ಕರಲ್ಲಿ ಇದಕ್ಕೆ ನಾನು ಕೊಡುವುದು ಕೊನೆಯ ಜಾಗ. ಇದನ್ನು ನೋಡಿದರೆ ದೊಡ್ಡ ಪರದೆಯಲ್ಲೇ ನೋಡಬೇಕು.

‘ದಿ ಎಲಿಫೆಂಟ್ ವಿಸ್ಪರರ್ಸ್’ ಎಲ್ಲರಿಗೂ ಗೊತ್ತಿರುವುದೇ. ಕಾರ್ತಿಕಿ ಗೊನ್ಸಾಲ್ವಿಸ್ ಅವರ ಈ ಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂತು. ಇರುವುದು ಸುಮಾರು ನಲವತ್ತು ನಿಮಿಷ. ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡಿನೊಳಗಿಂದ ಊಟಿ ಕಡೆಗೆ ಹೋಗುವವರಿಗೆ ಸಿಗುವ ಮುದುಮಲೆಯ ತೆಪ್ಪಕಾಡು ಆನೆ ಶಿಬಿರದ ಕತೆ. ಕರೆಂಟು ತಗುಲಿ ತಾಯಿಯನ್ನು ಕಳಕೊಂಡ ಮರಿ ರಘು, ಅದನ್ನು ಸಾಕುವ ಬೊಮ್ಮನ್ ಮತ್ತು ಬೆಳ್ಳಿ. ಬೆಳ್ಳಿಯ ಮೊದಲ ಗಂಡನನ್ನು ಹುಲಿ ಕೊಂದಿದೆ, ಮಗಳೂ ತೀರಿಕೊಂಡಿದ್ದಾಳೆ. ಆ ಹೆಂಗಸು ಆನೆಮರಿಯ ಜೊತೆ ಮಾತಾಡುವಾಗ ಆಯಿಯ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ತಬ್ಬಲಿ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿದ ಕೈ ಅವಳದು.

ಎರಡನೇ ನೋಟದಲ್ಲಿ ಈ ಚಿತ್ರದ ಪ್ರೀತಿ ಒಂಚೂರೂ ಕಡಿಮೆಯಾಗಲಿಲ್ಲ. ಆದರೆ ಮೊದಲು ಕಾಣದ ಒಂದು ಕೊರತೆ ಕಂಡಿತು. ಬೆಳಗಿನ ಹೊಂಬಿಸಿಲು, ಮೃದುವಾದ ಸಂಗೀತ, ಎಲ್ಲವೂ ಸುಂದರ. ರಘುವನ್ನು ಈ ದಂಪತಿಯಿಂದ ಬಿಡಿಸಿ ಬೇರೆಯವರ ಕೈಗೆ ಒಪ್ಪಿಸುತ್ತಾರಲ್ಲ, ಅಲ್ಲಿ ಚಿತ್ರ ಅವರ ದುಃಖವನ್ನು ತೋರಿಸಿ ಮುಂದೆ ಹೋಗಿಬಿಡುತ್ತದೆ. ಯಾಕೆ ಹಾಗೆ, ಸಾಕಿದವರ ಮಾತಿಗೆ ಅಲ್ಲಿ ಎಷ್ಟು ಬೆಲೆ ಎಂದು ನಿಂತು ಕೇಳುವುದಿಲ್ಲ. ಇನ್ನೂ ಅರ್ಧ ಗಂಟೆ ಇದ್ದಿದ್ದರೆ ಕೇಳುತ್ತಿತ್ತೋ ಏನೋ. ಮನೆಮಂದಿಯೆಲ್ಲ ಕೂತು ನೋಡುವುದಕ್ಕೆ ಮಾತ್ರ ನಾಲ್ಕರಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

ಶೌನಕ್ ಸೇನ್ ಅವರ ‘ಆಲ್ ದಟ್ ಬ್ರೀದ್ಸ್’ (2022) ವಿಷಯದಲ್ಲಿ ಆದದ್ದು ಉಲ್ಟಾ. ಮೊದಲ ಸಲ ನನಗೆ ಅರ್ಧ ದಾರಿಯಲ್ಲಿ ಬೇಸರ ಬಂದಿತ್ತು. ದಿಲ್ಲಿಯಲ್ಲಿ ಗಾಯಗೊಂಡ ಹದ್ದುಗಳನ್ನು, ಅಂದರೆ ಊರ ಮೇಲೆ ಸುತ್ತುವ ಕರಿಹದ್ದುಗಳನ್ನು, ಆರೈಕೆ ಮಾಡುವ ನದೀಮ್ ಮತ್ತು ಸೌದ್ ಎಂಬ ಅಣ್ಣತಮ್ಮಂದಿರು, ಅವರ ಜೊತೆಗಾರ ಸಾಲಿಕ್. ನೆಲಮಾಳಿಗೆಯಲ್ಲಿ ಸೋಪು ಡಿಸ್ಪೆನ್ಸರ್ ತಯಾರಿಸುವ ಕೆಲಸದ ಪಕ್ಕದಲ್ಲೇ ಹಕ್ಕಿಗಳ ಆಸ್ಪತ್ರೆ. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕು ರೆಕ್ಕೆ ಸೀಳಿದ ಹದ್ದುಗಳು ರಟ್ಟಿನ ಡಬ್ಬಿಗಳಲ್ಲಿ ಬರುತ್ತವೆ. ಹುಡುಗರಾಗಿದ್ದಾಗ ಇವರು ಮೊದಲು ಎತ್ತಿಕೊಂಡು ಹೋದ ಹದ್ದನ್ನು, ಅದು ಮಾಂಸ ತಿನ್ನುವ ಹಕ್ಕಿ ಎಂಬ ಕಾರಣಕ್ಕೆ, ಪಕ್ಷಿಗಳ ಆಸ್ಪತ್ರೆಯೊಂದು ಒಳಗೆ ಸೇರಿಸಿಕೊಳ್ಳಲಿಲ್ಲವಂತೆ. ಕತೆ ಅಂತ ಹೇಳುವುದು ಇಷ್ಟೇ.

ಶುರುವಾಗುವುದು ಇಲಿಗಳಿಂದ. ರಾತ್ರಿ ಹೊತ್ತು, ಕಸ ಬಿದ್ದ ಒಂದು ಬಯಲು, ಕ್ಯಾಮೆರಾ ನೆಲಕ್ಕೆ ಅಂಟಿಕೊಂಡ ಹಾಗೆ ನಿಧಾನ ಸರಿಯುತ್ತದೆ, ನೂರಾರು ಇಲಿಗಳು ಓಡಾಡುತ್ತಿವೆ, ಹಿಂದೆ ವಾಹನಗಳ ದೀಪ. ಮೊದಲ ಸಲ ಇದು ಯಾವಾಗ ಮುಗಿಯುತ್ತದೆ ಅನ್ನಿಸಿತ್ತು. ಈ ಸಲ ಕತೆಗೆ ಕಾಯುವ ಅವಸರ ಇರಲಿಲ್ಲ, ನೋಡುತ್ತಾ ಕೂತೆ. ಕೊಚ್ಚೆ ನೀರಲ್ಲಿ ಹುಳ ಹರಿದಾಡುತ್ತಿರುವಾಗ ಅದೇ ನೀರಿನಲ್ಲಿ ವಿಮಾನದ ನೆರಳು ದಾಟಿ ಹೋಗುತ್ತದೆ. ಅಣ್ಣತಮ್ಮಂದಿರು ಹಣದ ಬಗ್ಗೆ, ಮುಂದಿನ ದಾರಿಯ ಬಗ್ಗೆ ಸಣ್ಣ ದನಿಯಲ್ಲಿ ಜಗಳವಾಡುತ್ತಾರೆ. ಹೊರಗೆ ಪೌರತ್ವ ಕಾಯ್ದೆಯ ವಿರುದ್ಧದ ಘೋಷಣೆಗಳು, ಆಮೇಲೆ 2020ರ ಗಲಭೆ. ಅದು ಯಾವುದೂ ಚಿತ್ರದ ನಡುಮನೆಗೆ ಬರುವುದಿಲ್ಲ, ಕಿಟಕಿಯಾಚೆ ಕೇಳಿಸುತ್ತದೆ. ಆ ಮನೆಯವರಿಗೆ ಅದು ಹಾಗೇ ಕೇಳಿಸಿದ್ದು, ನಮಗೂ ಹಾಗೇ. ಮಹಡಿಯ ಮೇಲೆ ಸಾಲಿಕ್ ನಿಂತಿದ್ದಾಗ ಹದ್ದೊಂದು ಬಂದು ಅವನ ಕನ್ನಡಕವನ್ನೇ ಹಾರಿಸಿಕೊಂಡು ಹೋಗುತ್ತದೆ. ಎಷ್ಟು ವರ್ಷ ಜೊತೆಗಿದ್ದರೂ ಹದ್ದು ಹದ್ದೇ. ಅದು ಯಾರ ಕಣ್ಣನ್ನೂ ಒರೆಸುವುದಿಲ್ಲ. ಇಷ್ಟಾಗಿಯೂ ಮರುದಿನ ಬೆಳಿಗ್ಗೆ ಆ ಮೂವರು ಮತ್ತೆ ರಟ್ಟಿನ ಡಬ್ಬಿ ಬಿಚ್ಚಲು ಕೂರುತ್ತಾರೆ. ನನ್ನನ್ನು ಬಹಳ ಕಾಡಿದ್ದು ಇದು.

ಸನ್‌ಡಾನ್ಸ್‌ನಲ್ಲೂ ಕಾನ್ ಉತ್ಸವದಲ್ಲೂ ಸಾಕ್ಷ್ಯಚಿತ್ರದ ದೊಡ್ಡ ಬಹುಮಾನಗಳನ್ನು ಗೆದ್ದ ಚಿತ್ರ ಇದು. ಆದರೆ ಅಪ್ಪಯ್ಯ ಇಲಿಗಳ ಹೊತ್ತಿಗೇ ಎದ್ದು ಹೋದರು ಎಂಬುದನ್ನೂ ಹೇಳಬೇಕು. ದಣಿದು ಬಂದ ಸಂಜೆಗೆ ಇದು ಆಗಿಬರುವುದಿಲ್ಲ.

ಇನ್ನು ‘ಹನಿಲ್ಯಾಂಡ್’. ಇದನ್ನು ನೋಡುವುದಕ್ಕೆ ಪಕ್ಕದ ಮನೆಯಿಂದ ದೊಡ್ಡಪ್ಪನನ್ನು ಕರೆದಿದ್ದೆ. ಅವರ ಹತ್ತಿರ ಇಪ್ಪತ್ತು ಚಿಲ್ಲರೆ ತುಡುವೆ ಜೇನಿನ ಪೆಟ್ಟಿಗೆಗಳಿವೆ. ತೊಂಬತ್ತರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ಜೇನು ಸಾಕಣೆಯೇ ನೆಲಕಚ್ಚಿತಲ್ಲ, ಆಗ ಇದ್ದದ್ದನ್ನೆಲ್ಲ ಕಳಕೊಂಡು ಒಂದು ಪೆಟ್ಟಿಗೆಯಿಂದ ಮತ್ತೆ ಶುರು ಮಾಡಿದವರು.

ಚಿತ್ರ ಉತ್ತರ ಮೆಸಿಡೋನಿಯಾದ ಬೆಕಿರ್ಲಿಯಾ ಎಂಬ ಹಾಳುಬಿದ್ದ ಹಳ್ಳಿಯದು. ರಸ್ತೆ ಇಲ್ಲ, ಕರೆಂಟಿಲ್ಲ. ಹತೀಜೆ ಎಂಬ ಐವತ್ತು ದಾಟಿದ ಹೆಂಗಸು, ಹಾಸಿಗೆ ಹಿಡಿದ ಅವಳ ಮುದಿ ತಾಯಿ, ಕಲ್ಲುಗೋಡೆಯ ಪೊಟರೆಯಲ್ಲಿ ಜೇನು. ಕೈಗೆ ಏನನ್ನೂ ಹಾಕಿಕೊಳ್ಳದೆ ಕಲ್ಲುಚಪ್ಪಡಿ ಸರಿಸಿ ಎರಿ ಕೊಯ್ಯುತ್ತಾಳೆ. ಕೊಯ್ಯುವಾಗ ಹೇಳುವುದು ಒಂದೇ: ಅರ್ಧ ನನಗೆ, ಅರ್ಧ ನಿಮಗೆ. ಆಮೇಲೆ ಏಳು ಮಕ್ಕಳು, ದನಕರು ಕಟ್ಟಿಕೊಂಡು ಹುಸೇನ್ ಎಂಬವನ ಸಂಸಾರ ಪಕ್ಕಕ್ಕೆ ಬಂದು ಬೀಡು ಬಿಡುತ್ತದೆ. ಅವಳಿಂದಲೇ ಕಲಿತು ಅವನೂ ಜೇನು ಇಡುತ್ತಾನೆ. ಕೊಳ್ಳುವ ವ್ಯಾಪಾರಿ ಹೆಚ್ಚು ಬೇಕು ಎನ್ನುತ್ತಾನೆ, ಮನೆಯಲ್ಲಿ ಏಳು ಹೊಟ್ಟೆ. ಹುಳಕ್ಕೆ ಬಿಡಬೇಕಾದ ತುಪ್ಪವನ್ನೂ ತೆಗೆದು ಮಾರುತ್ತಾನೆ.

ದೊಡ್ಡಪ್ಪ ಅಲ್ಲಿ ನೆಟ್ಟಗೆ ಕೂತರು. “ಪೂರಾ ಕೊಯ್ದ್ನಲೇ ಕೂಸೆ! ಈಗ ಅವಳ ಜೇನಿಗೆ ಗ್ರಾಚಾರ ಬಂತು.” ಪರದೆಯ ಮೇಲೆ ಅದು ಆಗುವುದಕ್ಕೆ ಇನ್ನೂ ಕೆಲವು ನಿಮಿಷ ಬಾಕಿ ಇತ್ತು. ಉಪವಾಸ ಬಿದ್ದ ಹುಳಗಳು ಪಕ್ಕದ ಗೂಡಿಗೆ ನುಗ್ಗಿ ದೋಚುತ್ತವೆ ಎಂಬುದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಜೋರು ಮಳೆಯ ತಿಂಗಳುಗಳಲ್ಲಿ ಹುಳ ಹೊರಗೆ ಹೋಗಲಾರದೆ ಸೊರಗಿದಾಗ ಸಕ್ಕರೆ ಪಾಕವನ್ನು ಸಂಜೆ ಹೊತ್ತು, ಒಂದು ಹನಿಯೂ ಚೆಲ್ಲದ ಹಾಗೆ ಅವರು ಇಡುವುದು ಇದೇ ಭಯಕ್ಕೆ. ಇಷ್ಟು ದೂರದ, ಟರ್ಕಿಶ್ ಮಾತಾಡುವ ಹೆಂಗಸಿನ ಕೆಲಸ ನಮ್ಮ ದೊಡ್ಡಪ್ಪನಿಗೆ ಪರದೆಯ ಕೆಳಗಿನ ಅಕ್ಷರ ಓದದೆಯೇ ಅರ್ಥವಾಯಿತು. ಅದಕ್ಕೆ ಕಾರಣವೂ ಇದೆ. ನಿರ್ದೇಶಕರಾದ ತಮಾರಾ ಕೊಟೆವ್‌ಸ್ಕಾ ಮತ್ತು ಲ್ಯುಬೊಮಿರ್ ಸ್ಟೆಫಾನೊವ್ ಇಬ್ಬರಿಗೂ ಟರ್ಕಿಶ್ ಬರುತ್ತಿರಲಿಲ್ಲ. ಮೂರು ವರ್ಷ ಹೋಗಿಬಂದು ನಾನೂರು ಗಂಟೆಗೂ ಹೆಚ್ಚು ಚಿತ್ರೀಕರಿಸಿದ್ದನ್ನು ಮೊದಲು ಮಾತಿನ ಹಂಗಿಲ್ಲದೆ, ಬರೀ ದೃಶ್ಯ ನೋಡಿಕೊಂಡೇ ಸಂಕಲನ ಮಾಡಿದರು. ಮುಖ, ಕೈ, ನಡಿಗೆ ಇವುಗಳಲ್ಲೇ ಕತೆ ನಿಲ್ಲಬೇಕಾಯಿತು, ನಿಂತಿತು. ನಿರೂಪಣೆಯ ಧ್ವನಿ ಇಲ್ಲ, ಯಾರೂ ಕ್ಯಾಮೆರಾಕ್ಕೆ ಮುಖ ಕೊಟ್ಟು ವಿವರಿಸುವುದಿಲ್ಲ. ‘ವೈಲ್ಡ್ ಕರ್ನಾಟಕ’ದಲ್ಲಿ ಧ್ವನಿ ಮಾಡುತ್ತಿದ್ದ ಕೆಲಸವನ್ನೆಲ್ಲ ಇಲ್ಲಿ ದಿನಗಳು ಮಾಡುತ್ತವೆ.

ಹುಸೇನನನ್ನು ಈ ಚಿತ್ರ ಖಳನನ್ನಾಗಿ ಮಾಡುವುದಿಲ್ಲ ಎಂಬುದು ನನಗೆ ಕಂಡದ್ದು ಎರಡನೇ ಸಲವೇ. ಮೊದಲ ಸಲ ಅವನ ಮೇಲೆ ಸಿಟ್ಟು ಬಂದಿತ್ತು. ಈ ಸಲ ಅವನ ಮಕ್ಕಳ ಊದಿದ ಮುಖಗಳು ಕಂಡವು, ವ್ಯಾಪಾರಿಯ ಮುಂದೆ ಅವನು ಇಲ್ಲ ಅನ್ನಲಾರದೆ ನಿಲ್ಲುವುದು ಕಂಡಿತು. ಹತೀಜೆ ಸ್ಕೋಪ್ಯೆ ಪಟ್ಟಣಕ್ಕೆ ಹೋಗಿ ಜೇನು ಮಾರಿ ಕೂದಲಿಗೆ ಹಚ್ಚುವ ಬಣ್ಣ ಕೊಳ್ಳುತ್ತಾಳೆ. ನೋಡುವವರು ಯಾರೂ ಇಲ್ಲದ ಊರಿನಲ್ಲಿ ಅವಳಿಗೆ ಚೆಂದ ಕಾಣುವ ಆಸೆ. ಮೊದಲ ನೋಟದಲ್ಲಿ ಈ ದೃಶ್ಯ ನನ್ನ ಗಮನಕ್ಕೇ ಬಂದಿರಲಿಲ್ಲ. ಆಯಿ ಇದನ್ನೇ ಹಿಡಿದುಕೊಂಡು ಎರಡು ದಿನ ಮಾತಾಡಿದಳು.

ನನ್ನ ಆಯ್ಕೆ ‘ಹನಿಲ್ಯಾಂಡ್’, ಅದರ ಬೆನ್ನಿಗೇ ‘ಆಲ್ ದಟ್ ಬ್ರೀದ್ಸ್’. ಸಾಕ್ಷ್ಯಚಿತ್ರವನ್ನೇ ನೋಡದವರು ಮನೆಯಲ್ಲಿದ್ದರೆ ಬೊಮ್ಮನ್ ಬೆಳ್ಳಿಯಿಂದ ಶುರು ಮಾಡಿ, ಹದ್ದುಗಳ ಚಿತ್ರವನ್ನು ಒಬ್ಬರೇ ಇರುವ ರಾತ್ರಿಗೆ ಇಟ್ಟುಕೊಳ್ಳಿ. ದೊಡ್ಡಪ್ಪ ಅವತ್ತು ಚಹಾ ಕುಡಿದು ಎದ್ದವರು, ಮಳೆ ಸ್ವಲ್ಪ ಬಿಟ್ಟಿದ್ದರೂ ಮನೆ ಕಡೆ ಹೋಗಲಿಲ್ಲ. ಛತ್ರಿ ಹಿಡಿದುಕೊಂಡು ಸೀದಾ ಪೆಟ್ಟಿಗೆಗಳ ಕಡೆ ನಡೆದರು.