ಫ್ರೀ ವಕೀಲ ಬ್ಯಾಡ ಅಂತ ನಮ್ಮ ಕೇಸ್ ನಾವ ನಡಿಸಿದ್ವಿ, ನೀವು ಆ ತಪ್ಪ ಮಾಡಬ್ಯಾಡ್ರಿ

ಇದನ್ನ ಬರೀಬೇಕೋ ಬ್ಯಾಡೋ ಅಂತ ಬಾಳ ದಿನ ವಿಚಾರ ಮಾಡಿದ್ನಿ, ಮನಿ ಮಾತು ಹೊರಗ ಹಾಕೂದು ಯಾರಿಗೂ ಬೇಕಾಗಿರಂಗಿಲ್ಲ. ಆದ್ರ ಹೋದ ವಾರ ಮಗ್ಗಲ ಊರಿನ ಹುಡುಗ ಒಬ್ಬ ಫೋನ್ ಹಚ್ಚಿ "ಅಣ್ಣಾ, ನಮ್ಮಪ್ಪನ ಮ್ಯಾಲ ಮರ್ಡರ್ ಅಟೆಂಪ್ಟ್ ಕೇಸ್ ಆಗೇತಿ, ವಕೀಲ್ರಿಗೆ ಕೊಡಾಕ ರೊಕ್ಕ ಇಲ್ಲ, ನಾವ ನಡಸತೀವಿ, ನೀವೂ ನಡಸಿದ್ರಂತಲ್ಲ, ಹೆಂಗ ಮಾಡಿದ್ರಿ ಹೇಳ್ರಿ" ಅಂದ. ಅವಗ ಒಂದು ತಾಸು ಏನ್ ಹೇಳಿದ್ನೋ ಅದನ್ನ ಇಲ್ಲಿ ಬರಿಯಾಕತ್ತೀನಿ. ಊರಿನ ಹೆಸರು, ಕೋರ್ಟಿನ ಹೆಸರು ಹೇಳಂಗಿಲ್ಲ, ಬಾಗಲಕೋಟಿ ಜಿಲ್ಲಾ, ಮುಧೋಳ ಕಡೆ ಅಂತ ಇಟ್ಕೋರಿ.

2021ರ ಬ್ಯಾಸಿಗಿ. ಕಬ್ಬಿಗೆ ನೀರ ಬಿಡೂ ಪಾಳಿ ಮ್ಯಾಲ ನಮ್ಮ ಕಾಕಾಗೂ ಮಗ್ಗಲ ಹೊಲದವರಿಗೂ ಜಗಳ, ರಾತ್ರಿ ಕರೆಂಟ್ ಬರೂ ಟೈಮು, ಬದುವಿನ ಮ್ಯಾಲ ನೂಕಾಟ ಆಗಿ ಆ ಮನಷ್ಯಾಗ ತಲಿಗೆ ಪೆಟ್ಟು ಬಿತ್ತು, ಎಂಟು ಹೊಲಿಗಿ. ಮರುದಿನ ಕಾಕಾನ ಎತ್ಕೊಂಡ ಹೋದ್ರು, ಐಪಿಸಿ 307, ಅಂದ್ರ ಕೊಲೆ ಪ್ರಯತ್ನದ ಸೆಕ್ಷನ್ ಹಾಕಿದ್ರು. (ಈಗ ಹೊಸಾ ಕಾಯ್ದಾ ಭಾರತೀಯ ನ್ಯಾಯ ಸಂಹಿತೆಯಾಗ ಅದು 109 ಆಗೇತಿ.) ಗಾಯ ಆಗಿದ್ರ ಜೀವಾವಧಿ ತನಕ ಶಿಕ್ಷಾ ಇರೂ ಸೆಕ್ಷನ್ ಅದು, ಸಣ್ಣದಲ್ಲ.

ಮೊದ್ಲ ಒಬ್ಬ ಪ್ರೈವೇಟ್ ವಕೀಲರನ್ನ ಹಿಡದ್ವಿ. 40 ಸಾವಿರ ಕೊಟ್ವಿ, ಎರಡು ತಾರೀಖಿಗೆ ಅವ್ರು ಬರಲೇ ಇಲ್ಲ. ಕಾಕಾನ ತಲಿ ಕೆಟ್ಟು "ವಕಾಲತ್ ವಾಪಸ್ ತಗೋರಿ" ಅಂದುಬಿಟ್ಟ. ಆವಾಗ ಕೋರ್ಟಿನಾಗ ಜಡ್ಜ್ ಸಾಹೇಬ್ರು ಕೇಳಿದ್ರು, ನಿಮಗ ಸರ್ಕಾರದ ಖರ್ಚಿನಾಗ ವಕೀಲರನ್ನ ಕೊಡಲೇನು ಅಂತ.

ಇಲ್ಲೇ ನೋಡ್ರಿ ನಾವು ಮುಗ್ಗರಿಸಿದ್ದು. ನಮ್ಮ ಕಡೆ 'ಸರ್ಕಾರಿ ವಕೀಲ' ಅಂದ್ರ ಯಾರು? ಪಿಪಿ, ಪಬ್ಲಿಕ್ ಪ್ರಾಸಿಕ್ಯೂಟರ್. ಅಂದ್ರ ಪೊಲೀಸರ ಪರ ನಿಂತು ಶಿಕ್ಷಾ ಕೊಡಸವ್ರು. ಕಾಕಾನ ಕಿವಿಗೆ 'ಸರ್ಕಾರದ ವಕೀಲ' ಅಂತ ಬಿದ್ದಿದ್ದ ತಡ, "ನನ್ನ ಹಿಡದಾವ್ರೂ ಸರ್ಕಾರದವ್ರು, ನನ್ನ ಪರ ನಿಲ್ಲಾಂವನೂ ಸರ್ಕಾರದಾಂವ ಅಂದ್ರ ಮುಗೀತಲ್ಲ, ಬ್ಯಾಡ್ರಿ ಸಾಹೇಬ್ರ" ಅಂತ ಕೈ ಮುಗದ. ಬರದೂ ಕೊಟ್ಟ. ನಾನೂ ಹೂಂ ಅಂದ್ನಿ. ಬಿಕಾಂ ಓದೇನಿ, ಆದ್ರೂ ಗೊತ್ತಿರಲಿಲ್ಲ, ಪಿಪಿ ಬ್ಯಾರೆ, ಕಾನೂನು ಸೇವಾ ಪ್ರಾಧಿಕಾರದಿಂದ ಕೊಡೂ ವಕೀಲ್ರು ಬ್ಯಾರೆ ಅಂತ. ಅವ್ರ ಪಗಾರ ಸರ್ಕಾರದಿಂದ ಬಂದ್ರೂ ಅವ್ರು ವಾದಾ ಮಾಡೂದು ಆರೋಪಿ ಪರ, ಕಾಕಾ ಅವರ ಕಕ್ಷಿದಾರ. ಯಾರಾದ್ರೂ ಒಬ್ರು ಇಷ್ಟು ಬಿಡಿಸಿ ಹೇಳಿದ್ರ ಸಾಕಿತ್ತು.

ಜೈಲಿನಾಗೂ ಒಬ್ರು ಲೀಗಲ್ ಏಡ್ ವಕೀಲ್ರು ಬಂದು ಕೇಳಿದ್ರಂತ, ಅವರನ್ನೂ ವಾಪಸ್ ಕಳಿಸಿದ. ಇದರಿಂದ ಆದ ಮೊದಲ ಲುಕ್ಸಾನ ನಮಗ ಗೊತ್ತಾಗಿದ್ದು ಎರಡು ವರ್ಷ ಬಿಟ್ಟು. ಇಂಥಾ ಸೆಕ್ಷನ್ನಿನಾಗ ರಿಮಾಂಡ್ ಆಗಿ (ಅಂದ್ರ ಕೋರ್ಟ್ ಕಸ್ಟಡಿಗೆ ಕಳಿಸಿ) 90 ದಿನದಾಗ ಚಾರ್ಜ್‌ಶೀಟ್ ಬರಲಿಲ್ಲಂದ್ರ ಜಾಮೀನು ಕೇಳೂದು ಆರೋಪಿ ಹಕ್ಕು, ಆದ್ರ ಕೇಳಬೇಕು, ಚಾರ್ಜ್‌ಶೀಟ್ ಬರೂದ್ರೊಳಗ ಕೇಳಬೇಕು, ಬಂದ ಮ್ಯಾಲ ಕೇಳಿದ್ರ ಆ ಹಕ್ಕು ಹೋದಂಗ. ನಮ್ಮದು ಬಂದಿದ್ದು 93ನೇ ದಿನಕ್ಕ. ನಡುವಿನ ಎರಡು ದಿನದಾಗ ಒಂದು ಹಾಳಿ ಅರ್ಜಿ ಕೊಟ್ಟಿದ್ರ ಕಾಕಾ ಅವತ್ತ ಹೊರಗ ಬರತಿದ್ದ. ಆಮ್ಯಾಲೆ ಏಳು ತಿಂಗಳು ಒಳಗಿದ್ದ.

ಟ್ರಯಲ್ ಚಾಲೂ ಆತು. ಪಾಟೀಸವಾಲಿಗೆ ಪ್ರಶ್ನಾ ಬರದಾಂವ ನಾನ, ಯಾರ ಮ್ಯಾಲೂ ಹಾಕಂಗಿಲ್ಲ. ಯೂಟ್ಯೂಬ್‌ನಾಗ ಹತ್ತಿಪ್ಪತ್ತು ವಿಡಿಯೋ ನೋಡಿ, 200 ಪೇಜಿನ ನೋಟ್‌ಬುಕ್ಕಿನಾಗ ನಂಬರ್ ಹಾಕಿ 64 ಪ್ರಶ್ನಾ ಬರದು ಕೊಟ್ಟಿದ್ನಿ. ಕಾಕಾ ಫಿರ್ಯಾದಿಗೆ ಕೇಳಿದ ಮೂರನೇ ಪ್ರಶ್ನಾ ಏನ್ ಗೊತ್ತೇನ್ರಿ? "ನೀ ನಮ್ಮವ್ವನ ಎತ್ತಿ ಬೈದಿ ಅಂತ ನಾ ಹೊಡದ್ನಿ, ಹೌದಲ್ಲೋ?" ಸಾಹೇಬ್ರು ಟೈಪಿಸ್ಟ್ ಕಡೆ ನೋಡಿದ್ರು, ಪಿಪಿ ತಲಿ ಬಗ್ಗಿಸಿ ಏನೋ ಬರ್ಕೊಂಡ್ರು. ನಾ ಹಿಂದ ಬೆಂಚಿನ ಮ್ಯಾಲ ಕುಂತು ಅಡ್ಡಿಯಿಲ್ಲ, ಜೋರ್ ಕೇಳ್ಯಾನ ಅಂತ ಖುಷಿ ಆಗಿದ್ನಿ! ತಾ ಅಲ್ಲಿ ಇದ್ದೆ, ತಾ ಹೊಡದೆ ಅಂತ ತನ್ನ ಬಾಯಿಂದ ತಾನ ಒಪ್ಪಿಕೊಂಡಂಗಾತು, ಅಲ್ಲಿ ತನಕ ರಾತ್ರಿ ಕತ್ತಲಾಗ ಯಾರು ಹೊಡದ್ರು ಅನ್ನೂದ ಪ್ರಶ್ನಾ ಇತ್ತು. ವಕೀಲ್ರು ಪಾಟೀಸವಾಲಿನಾಗ 'ಹಿಂಗ ಆತು, ಹೌದಲ್ಲೋ' ಅಂತ ಸಾಕ್ಷಿ ಮುಂದ ಹಾಕಿದ ಸೂಚನಾನ ಸುದ್ದಾ ಆರೋಪಿ ವಿರುದ್ಧ ನೋಡಬಹುದು ಅಂತ ಸುಪ್ರೀಂ ಕೋರ್ಟ್ 2023ರಾಗ ಬಾಳು ಸುದಾಮ್ ಖಾಲ್ಡೆ ಕೇಸಿನಾಗ ಹೇಳೇತಿ. ವಕೀಲ್ರ ಮಾತಿಗೇ ಹಂಗಂದ್ರ ಕಾಕಾ ತಾನ ಆಡಿದ ಮಾತಿನ ಗತಿ ಏನು.

ಎರಡನೇದು ಇದಕ್ಕಿಂತ ಹೊಟ್ಟಿ ಉರಸೂದು. ಫಿರ್ಯಾದಿ ಪೊಲೀಸರ ಮುಂದ ಕೊಟ್ಟ ಹೇಳಿಕ್ಯಾಗ 'ಕೊಡ್ಲಿ ಕಾವಿನಿಂದ (ಹಿಡಿಕಿಯಿಂದ) ಹೊಡದ' ಅಂತ ಇತ್ತು, ಕೋರ್ಟಿನಾಗ ಬಂದು 'ಕೊಡ್ಲಿಯಿಂದ ಕಡದ' ಅಂದ. ಕಾವಿನಿಂದ ಹೊಡದ್ರ ಕೊಲ್ಲೂ ಉದ್ದೇಶ ಇತ್ತೋ ಇಲ್ಲೋ ಅಂತ ವಾದಾ ಮಾಡಾಕ ಜಾಗ ಇರ್ತೈತಿ. ಕಾಕಾಗ ಅದು ತಿಳೀತು, ಆದ್ರ ಏನ್ ಮಾಡಿದ? "ಸುಳ್ಳ ಹೇಳಾಕತ್ಯಾನ್ರೀ ಸಾಹೇಬ್ರ!" ಅಂತ ಒದರಿದ. ಒದರಿದ್ದು ರೆಕಾರ್ಡಿಗೆ ಬರಂಗಿಲ್ಲ. ಪದ್ಧತಿ ಏನಂದ್ರ, ಹಳೇ ಹೇಳಿಕ್ಯಾಗಿನ ಆ ಸಾಲನ್ನ ಸಾಕ್ಷಿಗೆ ತೋರಿಸಿ 'ಹಿಂಗ ಹೇಳೀರಿ ಹೌದಿಲ್ಲೋ' ಅಂತ ಕೇಳಬೇಕು, ಇಲ್ಲ ಅಂದ್ರ ಆ ಸಾಲಿಗೆ ಡಿ-1 ಅಂತ ಆರೋಪಿ ಪರದ ದಾಖಲಿ ಗುರುತು ಹಾಕಿಸಬೇಕು, ಆಮ್ಯಾಲೆ ತನಿಖಾಧಿಕಾರಿ ಸಾಕ್ಷಿ ಹೇಳಾಕ ಬಂದಾಗ 'ಹೌದು, ನಮ್ಮ ಮುಂದ ಹಂಗ ಹೇಳಿದ್ರು' ಅಂತ ಅವರ ಬಾಯಿಂದ ಹೊರಡಸಬೇಕು. ನನ್ನ 64 ಪ್ರಶ್ನಾದಾಗ ಇದರಾಗಿಂದು ಒಂದೂ ಇರಲಿಲ್ಲ.

ಡಾಕ್ಟರ್ ಬಂದಾಗ "ದೊಡ್ಡವರಿಗೆ ನಾ ಏನ್ ಕೇಳ್ಲಿ" ಅಂತ ಕಾಕಾ ಪ್ರಶ್ನಾ ಇಲ್ಲ ಅಂದ. ಅಷ್ಟ, ಎರಡು ನಿಮಿಷದಾಗ ಡಾಕ್ಟರ್ ಹೋದ್ರು.

ಇಷ್ಟಾದ ಮ್ಯಾಲ ಸಾಹೇಬ್ರ ತಾವಾಗಿ ಒಬ್ರು ವಕೀಲರನ್ನ ನೇಮಿಸಿದ್ರು, ಕಾಕಾ ಬ್ಯಾಡ ಅಂದ್ರೂ. ಅವ್ರು ಫೈಲ್ ಓದಿ ನನ್ನ ಹೊರಗ ಕರದು "ತಮ್ಮಾ, ಮೊದ್ಲ ತಾರೀಖಿಗೆ ನಾ ಇದ್ದಿದ್ರ ಇದು ಬ್ಯಾರೇನ ಕೇಸ್ ಆಗತಿತ್ತು" ಅಂದ್ರು. ಸಾಕ್ಷಿ ಮರಳಿ ಕರಸ್ರಿ ಅಂತ ಸಿಆರ್‌ಪಿಸಿ 311ರ ಅರ್ಜಿ ಹಾಕಿದ್ರು (ಹೊಸಾ ನಾಗರಿಕ ಸುರಕ್ಷಾ ಸಂಹಿತೆಯಾಗ 348). ಫಿರ್ಯಾದಿನ್ನ ಕರಸಾಕ ಕೋರ್ಟ್ ಒಪ್ಪಲಿಲ್ಲ, ಒಮ್ಮೆ ಪಾಟೀಸವಾಲ್ ಆಗೇತಲ್ಲ ಅಂತ. ಡಾಕ್ಟರ್ ಬಂದ್ರು, ಕಾವಿನಿಂದ ಬಿದ್ರೂ ಇಂಥಾ ಗಾಯ ಆಗಬಹುದು ಅಂದ್ರು. ಒಬ್ಬ ವಕೀಲ್ರು ಹತ್ತು ನಿಮಿಷದಾಗ ತಗದ ಉತ್ತರ ಅದು. ಆದ್ರ 'ನಾ ಹೊಡದ್ನಿ' ಅನ್ನೂದು ಹಂಗ ಉಳೀತು.

5 ವರ್ಷ ಶಿಕ್ಷಾ ಆತು. ಶಿಕ್ಷಾ 3 ವರ್ಷ ಇಲ್ಲಾ ಅದಕ್ಕಿಂತ ಕಡಿಮಿ ಇದ್ದು, ಆರೋಪಿ ಜಾಮೀನಿನ ಮ್ಯಾಲ ಹೊರಗಿದ್ರ ಅಪೀಲಿಗೆ ಹೋಗೂ ತನಕ ಅದ ಕೋರ್ಟ್ ಬೇಲ್ ಕೊಡತೈತಿ, 5 ವರ್ಷ ಅಂದ್ರ ನೆಟ್ಟಗ ಜೈಲು, ಹೈಕೋರ್ಟಿಗ ಹೋಗಬೇಕು. ಬೆಳಗಾವಿ ಹಿಂಡಲಗಾ ಜೈಲಿಗೆ ಕಳಿಸಿದ್ರು. ಹೈಕೋರ್ಟಿನ ಧಾರವಾಡ ಪೀಠಕ್ಕ ಅಪೀಲು ಹಾಕಿದ್ವಿ, ಈ ಸಲ ಸುಮ್ಮನ ಲೀಗಲ್ ಏಡ್ ವಕೀಲರನ್ನ ತಗೊಂಡ್ವಿ.

ಫೋನ್ ಮಾಡಿದ ಹುಡುಗಗ ಹೇಳಿದ್ದು: "ನಮ್ಮದು ನಾಕ ಎಕರೆ ಹೊಲ ಐತಿ, ನಮಗ ಫ್ರೀ ವಕೀಲ ಸಿಗಂಗಿಲ್ಲ" ಅಂತ ಕುಂದರಬ್ಯಾಡ. ಕಸ್ಟಡಿಯಾಗ ಇದ್ದವರಿಗೆ, ಹೆಣ್ಮಕ್ಕಳಿಗೆ, ಎಸ್‌ಸಿ ಎಸ್‌ಟಿ ಮಂದಿಗೆ, ಇನ್ನೂ ಕೆಲವರಿಗೆ ಆದಾಯ ನೋಡೂದ ಇಲ್ಲ, ಉಳದವರಿಗೆ ಕರ್ನಾಟಕದಾಗ ವರ್ಷಕ್ಕ 3 ಲಕ್ಷದ ಒಳಗ. 15100ಕ್ಕ ಫೋನ್ ಮಾಡು, ಇಲ್ಲಾಂದ್ರ ಕೋರ್ಟ್ ಕಂಪೌಂಡಿನಾಗ ಕಾನೂನು ಸೇವಾ ಸಮಿತಿ ಆಫೀಸ್ ಇರ್ತೈತಿ, ಹೋಗಿ ಅರ್ಜಿ ಕೊಡು. ಜೂನಿಯರ್ ಹುಡುಗರನ್ನ ಕೊಡತಾರ ಅಂತ ಅಂಜಿಕಿ ಇದ್ರ, ಜೀವಾವಧಿ ಆಗಬಹುದಾದ ಕೇಸಿಗೆ 10 ವರ್ಷ ಪ್ರ್ಯಾಕ್ಟೀಸ್ ಆದ ವಕೀಲರನ್ನ ಕೊಡಬೇಕು, ತಯಾರಿಗೆ ಕನಿಷ್ಠ 7 ದಿನ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2019ರಾಗ ಅನೋಖಿಲಾಲ್ ಕೇಸಿನಾಗ ಹೇಳೇತಿ, ಅದನ್ನ ಕೇಳಿ ತಗೋ. 2022ರಿಂದ ಬಾಳ ಜಿಲ್ಲಾದಾಗ ಪ್ರೈವೇಟ್ ಕೇಸ್ ಹಿಡೀದ, ಪೂರಾ ಟೈಮ್ ಬರೀ ಆರೋಪಿಗಳ ಪರ ಕೆಲಸ ಮಾಡೂ ಡಿಫೆನ್ಸ್ ಕೌನ್ಸೆಲ್ ಅಂತ ವಕೀಲರೂ ಅದಾರ.

ಎಲ್ಲಾರೂ ಚಲೋ ಇರ್ತಾರ ಅಂತ ನಾ ಹೇಳಂಗಿಲ್ಲ. ಕೆಲವರು ಫೈಲ್ ತೆರದ ನೋಡಂಗಿಲ್ಲ, ಕೆಲವರು "ಖರ್ಚಿಗೆ" ಅಂತ ಕೈ ಚಾಚತಾರ ಅಂತ ಕೇಳೇನಿ. ಒಂದು ರೂಪಾಯಿ ಕೊಡಬ್ಯಾಡ, ಪ್ರಾಧಿಕಾರದ ಸೆಕ್ರೆಟರಿಗೆ ಬರದು ಕೊಟ್ಟು ಬ್ಯಾರೆ ವಕೀಲರನ್ನ ಕೇಳು. ವಕೀಲರನ್ನ ಬದಲಿ ಮಾಡಬಹುದು, ಒಮ್ಮೆ ಟೈಪ್ ಆದ ಸಾಕ್ಷಿ ಬದಲಿ ಮಾಡಾಕ ಆಗಂಗಿಲ್ಲ. ಕೇಸಿನ ಕತಿ ಎಲ್ಲಾ ಗೊತ್ತಿರಾಂವ ನಿಮ್ಮಪ್ಪ, ಹೌದು, ಅದನ್ನ ವಕೀಲ್ರ ಮುಂದ ಕುಂತು ಹೇಳಲಿ, ಕಟಕಟಿಯಾಗ ನಿಂತು ಅಲ್ಲ.

ಅಪೀಲು ಇನ್ನೂ ವಾದಕ್ಕ ಬಂದಿಲ್ಲ. ಹೈಕೋರ್ಟ್ ಶಿಕ್ಷಾ ಸಸ್ಪೆಂಡ್ ಮಾಡಿ ಬೇಲ್ ಕೊಟ್ಟೈತಿ, ಕಾಕಾ ಮನ್ಯಾಗ ಅದಾನ, ಹಗಲೊತ್ತು ಹೊಲಕ್ಕ ಹೋಗತಾನ. ರಾತ್ರಿ ನೀರ ಬಿಡಾಕ ನಾ ಹೋಗತೀನಿ.