"ಇಂಡಿಕಾ ಮಗಾ, ನಿದ್ದೆ ಬರುತ್ತೆ ಅಷ್ಟೇ" ಅಂದರು

ಬರೆಯಬೇಕೋ ಬೇಡವೋ ಅಂತ ಎರಡು ತಿಂಗಳು ಒದ್ದಾಡಿದೆ. ಮನೆಯವರು ಓದಿದರೆ ಏನು ಗತಿ ಅನ್ನುವ ಭಯ ಈಗಲೂ ಇದೆ. ಆದರೆ ಶನಿವಾರ ಬಂದರೆ ಸಾಕು, ಚಿಕ್ಕಮಗಳೂರಿನ ಗಿರಿ ಕಡೆ ಗಾಡಿ ತಿರುಗಿಸುವ ಹುಡುಗರು ನಮ್ಮ ಹಾಸನದಲ್ಲೇ ಎಷ್ಟೋ ಜನ. ಅವರಲ್ಲಿ ಒಬ್ಬರ ಕಣ್ಣಿಗಾದರೂ ಇದು ಬೀಳಲಿ.

ಕಾಲೇಜಿನ ಐದು ಜನ ಸೇರಿ ಮಲ್ಲಂದೂರಿನ ಆಚೆ ಒಂದು ಹೋಂಸ್ಟೇ ಬುಕ್ ಮಾಡಿದ್ದೆವು. ಕಾಫಿ ತೋಟದ ನಡುವೆ ಮನೆ, ಸಂಜೆ ಐದಕ್ಕೇ ಮಂಜು, ಫೋನಿಗೆ ನೆಟ್‌ವರ್ಕ್ ಇಲ್ಲ. ಹೋಗುವಾಗ ಅದೇ ಖುಷಿ.

ಊಟಕ್ಕೆ ಮುಂಚೆ, ಬೆಂಗಳೂರಿನಿಂದ ಬಂದಿದ್ದವನು ಒಂದು ಡಬ್ಬಿ ತೆಗೆದ. ಒಳಗೆ ಗಾಂಜಾ ಬೆರೆಸಿದ ಚಾಕೊಲೇಟ್ ಕೇಕಿನ ತುಂಡುಗಳು. ಇಂಡಿಕಾ ಅಂದರೆ ಗಾಂಜಾದಲ್ಲೇ ಒಂದು ಬಗೆ. "ಇಂಡಿಕಾ ಮಗಾ. ತಲೆಗೆ ಹತ್ತಲ್ಲ, ಮೈ ಸಡಿಲ ಆಗುತ್ತೆ, ನಿದ್ದೆ ಬರುತ್ತೆ ಅಷ್ಟೇ" ಅಂದ. ಹಾಸ್ಟೆಲ್ಲಿನಲ್ಲಿದ್ದಾಗ ಒಂದೆರಡು ಸಲ ಸೊಪ್ಪು ಸೇದಿದ್ದೆ. ಇದು ಕೇಕ್ ತಾನೆ, ಹೊಗೆ ಕೂಡ ಇಲ್ಲ ಅಂದುಕೊಂಡೆ.

ಒಂದು ತುಂಡು ತಿಂದೆ. ಮುಕ್ಕಾಲು ಗಂಟೆ ಆದರೂ ಏನೂ ಇಲ್ಲ. "ನಿಂಗೆ ಯಾರೋ ಟೋಪಿ ಹಾಕಿದ್ದಾರೆ ಬಿಡು" ಅಂತ ರೇಗಿಸಿ ಇನ್ನೊಂದು ತಿಂದೆ. ಕೆಟ್ಟಿದ್ದು ಇಲ್ಲೇ. ಸೇದಿದರೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತೆ. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆವರೆಗೂ ಸುಳಿವೇ ಇಲ್ಲದಿರಬಹುದು. ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಅನ್ನುವ ಅಂಶ ಹೊಟ್ಟೆಗೆ ಹೋದರೆ ಲಿವರ್‌ನಲ್ಲಿ ಬೇರೆ ರೂಪ ತಾಳುತ್ತೆ, ಅದರ ಹೊಡೆತ ಇನ್ನೂ ಜೋರು. ಹಿಡಿದರೆ ಆರೆಂಟು ಗಂಟೆ ಬಿಡುವುದಿಲ್ಲ. ಇದನ್ನೆಲ್ಲ ನಾನು ತಿಳಿದುಕೊಂಡಿದ್ದು ಆಮೇಲೆ, ಅದೇ ಬೇಜಾರು.

ಹತ್ತೂವರೆ ಸುಮಾರಿಗೆ ಅಕ್ಕಿ ರೊಟ್ಟಿ ಮುರಿಯಲು ಕೈಯೇ ಏಳಲಿಲ್ಲ. ಒದ್ದೆ ಮೂಟೆಯನ್ನು ಕುರ್ಚಿ ಮೇಲೆ ಇಟ್ಟ ಹಾಗೆ ಕೂತಿದ್ದೆ. ಇಂಡಿಕಾದ ಗುಣ ಅಂತ ಹೊಗಳುತ್ತಾರಲ್ಲ, ಆ ಭಾರ ಇದೇ. ಆದರೆ ಮಲಗಿದ್ದು ಮೈ ಮಾತ್ರ. ಎದೆ ಡವಡವ ಅಂತ ಒಳಗಿನಿಂದ ಗುದ್ದುತ್ತಿತ್ತು. ಗೆಳೆಯ ನಾಡಿ ಎಣಿಸಿದರೆ 140. ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಗೋಡೆ ಗಡಿಯಾರದಲ್ಲಿ 11.10. ಒಂದು ಯುಗವೇ ಕಳೆಯಿತು ಅಂತ ಮತ್ತೆ ನೋಡಿದರೆ 11.12! ಬಚ್ಚಲಿಗೆ ಹೋಗೋಣ ಅಂತ ಎದ್ದವನಿಗೆ ಕಣ್ಣು ಕತ್ತಲೆ ಬಂತು, ಬಾಗಿಲ ಬಳಿಯೇ ಬಿದ್ದೆ. ಎದ್ದು ನಿಂತಾಗ ಬಿಪಿ ಸರ್ರನೆ ಇಳಿಯುವುದೂ ಇದರದೇ ಕಾಟವಂತೆ. "ಸಾಯ್ತೀನಿ, ಅಮ್ಮಂಗೆ ಹೇಳಬೇಡಿ" ಅಂತ ಅಳುತ್ತಿದ್ದೆನಂತೆ.

ನಿಂಬೆರಸ ಕುಡಿಸಿದರು, ಮಜ್ಜಿಗೆ ಕುಡಿಸಿದರು. ಎಲ್ಲ ವಾಂತಿ ಆಯಿತೇ ಹೊರತು ಅಮಲು ಇಳಿಯಲಿಲ್ಲ. ಕೊನೆಗೆ ಹೋಂಸ್ಟೇ ಮಾಲೀಕರನ್ನು ಎಬ್ಬಿಸಿದರು. ಐವತ್ತು ದಾಟಿದ ಮನುಷ್ಯ, ಒಂದು ಮಾತೂ ಕೇಳದೆ ಜೀಪು ತೆಗೆದರು. ಹತ್ತಡಿ ಮುಂದೆ ಕಾಣದ ಮಂಜು. ಚಿಕ್ಕಮಗಳೂರು ತಲುಪಲು ಒಂದು ಗಂಟೆ ಮೇಲೆ ಹಿಡಿಯಿತಂತೆ.

ಆಸ್ಪತ್ರೆಯಲ್ಲಿ ನಮ್ಮ ಹುಡುಗರು ಪೊಲೀಸ್ ಭಯಕ್ಕೆ "ಫುಡ್ ಪಾಯ್ಸನ್ ಮೇಡಂ, ಊಟ ಸರಿ ಇರಲಿಲ್ಲ" ಅಂದುಬಿಟ್ಟರು. ಅದೂ ಮಾಲೀಕರ ಎದುರಿಗೇ. ಡಾಕ್ಟರ್ ನನ್ನ ಕೆಂಪು ಕಣ್ಣು ನೋಡಿ ಎಲ್ಲರನ್ನೂ ಆಚೆ ಕಳಿಸಿದರು. "ನಿಜ ಹೇಳಪ್ಪಾ, ಏನು ತಗೊಂಡೆ? ಸುಳ್ಳು ಹೇಳಿದ್ರೆ ಇಲ್ಲದ ಕಾಯಿಲೆಗೆ ಔಷಧಿ ಕೊಡ್ತೀನಿ ಅಷ್ಟೆ" ಅಂದರು. ಹೇಳಿದೆ. ಇಸಿಜಿ ತೆಗೆದರು, ಡ್ರಿಪ್ ಹಾಕಿದರು. ಇದನ್ನು ತಟ್ಟನೆ ಇಳಿಸುವ ಮದ್ದು ಇಲ್ಲವಂತೆ, ತಾನಾಗಿ ಇಳಿಯುವವರೆಗೆ ನೋಡಿಕೊಳ್ಳಬೇಕು. ನಿಮ್ಮ ಜೊತೆಗಿದ್ದವರಿಗೆ ಹೀಗಾದರೆ ತಡಮಾಡದೆ 108ಕ್ಕೆ ಫೋನ್ ಮಾಡಿ, ಡಾಕ್ಟರ್ ಹತ್ತಿರ ಮಾತ್ರ ಏನನ್ನೂ ಮುಚ್ಚಿಡಬೇಡಿ. ಚಟಕ್ಕೆ ಬಿದ್ದವರಿದ್ದರೆ 14446 ಸರ್ಕಾರದ ಸಹಾಯವಾಣಿ.

ಇನ್ನು ಆ 'ಇಂಡಿಕಾ' ಅನ್ನುವ ಮಾತು. 1785ರಲ್ಲಿ ಲಮಾರ್ಕ್ ಅನ್ನುವ ಫ್ರೆಂಚ್ ವಿಜ್ಞಾನಿ ಭಾರತದ ಗಿಡಕ್ಕೆ ಇಟ್ಟ ಹೆಸರದು. ಈಗ ಕುಳ್ಳ ಗಿಡ, ಅಗಲ ಎಲೆ ಇದ್ದದ್ದನ್ನೆಲ್ಲ ಹಾಗೆ ಕರೆಯುತ್ತಾರೆ. ತಳಿಗಳು ಎಷ್ಟು ಕಲಬೆರಕೆ ಆಗಿವೆ ಅಂದರೆ, ಹೆಸರು ನೋಡಿ ತಲೆಗೆ ಏನಾಗುತ್ತೆ ಅಂತ ಹೇಳಲು ಬರುವುದಿಲ್ಲ. ಅದರ ಮೇಲೆ ಜೋರೂ ಹೆಚ್ಚಿದೆ. ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದಲ್ಲಿ ಟಿಎಚ್‌ಸಿ 1995ರಲ್ಲಿ ಸರಾಸರಿ ಶೇ. 4ರಷ್ಟಿತ್ತು, 2014ಕ್ಕೆ ಶೇ. 12 ಮುಟ್ಟಿತ್ತು. ಈಗ ಶೇ. 20 ದಾಟಿದ ತಳಿಗಳೂ ಇವೆ. ಕೇಕಿನಲ್ಲಂತೂ ಯಾವ ತುಂಡಿಗೆ ಎಷ್ಟು ಬಿದ್ದಿದೆ ಅಂತ ಮಾಡಿದವನಿಗೂ ಗೊತ್ತಿರುವುದಿಲ್ಲ.

ಕಾನೂನು? ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸ್ವಲ್ಪವೇ ಗಾಂಜಾ ಸಿಕ್ಕರೂ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗೊತ್ತಿದ್ದೂ ಜಾಗ ಕೊಟ್ಟವರಿಗೂ ಶಿಕ್ಷೆ ಇದೆ. ಮಾಲೀಕರಿಗೆ ನಮ್ಮ ಡಬ್ಬಿಯ ವಿಷಯ ಗೊತ್ತೇ ಇರಲಿಲ್ಲ. ಆದರೆ ಕೇಸಾಗಿದ್ದರೆ ಆ ಮಾತನ್ನು ನಂಬಿಸಲು ಅವರು ಎಷ್ಟು ಅಲೆಯಬೇಕಿತ್ತೋ.

ಬೆಳಿಗ್ಗೆ ಒಂಬತ್ತಕ್ಕೆ ಅವರು ಮತ್ತೆ ಬಂದರು. ಕೈಯಲ್ಲಿ ಟಿಫನ್ ಕ್ಯಾರಿಯರ್, ಒಳಗೆ ಅವರ ಮನೆಯವರು ಮಾಡಿಕೊಟ್ಟ ಗಂಜಿ. ಸ್ಟೂಲ್ ಎಳೆದು ಕೂತು ಮೆಲ್ಲಗೆ ಕೇಳಿದರು: "ನಮ್ಮ ಅಡುಗೇಲಿ ಏನಾದ್ರೂ ಹೆಚ್ಚುಕಮ್ಮಿ ಆಗಿತ್ತೇನಪ್ಪಾ? ಇವಳು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ."

"ಇಲ್ಲಣ್ಣ" ಅಂದೆ. ಮುಂದಿನದು ಬಾಯಿಗೆ ಬರಲಿಲ್ಲ.